ನಾಯಿಯಿಂದ ಬಂದ ಪದ

ತೀರ್ಪಿನ ಹದಿನಾಲ್ಕನೇ ಪುಟ, ಮೂರನೇ ಪ್ಯಾರಾ.
ಅಲ್ಲಿಗೆ ಬಂದು ನಿಂತಿದೆ ನನ್ನ ಪೆನ್ನು,
ಶಿವಮೊಗ್ಗದ ಕೋರ್ಟಿನ ಭಾಷಾಂತರ ಶಾಖೆಯಲ್ಲಿ
ಒಂದು ಕಾಲಿಗೆ ರಟ್ಟು ಕೊಟ್ಟ ಮೇಜಿನ ಮೇಲೆ.
‘ಎದುರುದಾರರ ಈ ಸಿನಿಕಲ್ ವಾದವನ್ನು…’
ಇಂಗ್ಲಿಷಿನಲ್ಲಿ ಆ ಪದ ಸಲೀಸಾಗಿ ಕೂತಿದೆ,
ಕುರ್ಚಿ ತನ್ನಪ್ಪನದು ಅನ್ನುವ ಹಾಗೆ.
ಕನ್ನಡಕ್ಕೆ ಕರೆದರೆ ಎದ್ದು ಬರಲೊಲ್ಲದು.

ನಿಘಂಟು ತೆಗೆದೆ, ಬೆನ್ನು ಕಿತ್ತುಹೋದದ್ದು.
ಸಿನಿಕ, ಅಂದಿತು. ಪದ ಕೇಳಿದರೆ ಕನ್ನಡಿ ಕೊಟ್ಟ ಹಾಗೆ.
ಕುಹಕದ, ಅಂದಿತು.
ಯಾರ ಒಳ್ಳೆಯತನದಲ್ಲೂ ನಂಬಿಕೆಯಿಲ್ಲದ, ಅಂದಿತು.
ಕೊನೆಗೆ, ಇರುವೆ ಗಾತ್ರದ ಅಕ್ಷರದಲ್ಲಿ:
ಗ್ರೀಕ್ ಮೂಲ. ನಾಯಿಯಂಥ.

ಕಿಟಕಿಯಾಚೆ ನೋಡಿದೆ.
ಜಗಲಿಯ ಮೇಲೆ ಮಲಗಿತ್ತು ಜಾಮೀನು.
ನಗರಸಭೆಯ ವ್ಯಾನಿನಿಂದ ಹಾರಿ ಬಂದ ದಿನ
ಟೈಪಿಸ್ಟ್ ಶಕೀಲಾ ಇಟ್ಟ ಹೆಸರು.
ಕಪ್ಪು ಕೋಟುಗಳು ಅದರ ಬಾಲ ದಾಟಿ ಹೋಗುತ್ತವೆ.
ಅದು ಏಳುವುದಿಲ್ಲ, ಜಡ್ಜ್ ಸಾಹೇಬರಿಗೂ.

ಎಂದೋ ಓದಿದ ನೆನಪು. ಆ ದೇಶದಲ್ಲಿ ಕೆಲವರಿದ್ದರಂತೆ,
ಬೀದಿಯಲ್ಲೇ ಉಂಡು, ಬೀದಿಯಲ್ಲೇ ಮಲಗಿ,
ಸಿರಿವಂತರ ಸುಳ್ಳಿಗೆ ಬೀದಿಯಲ್ಲೇ ಬೊಗಳಿದವರು.
ಜನ ನಾಯಿ ಎಂದರು. ಅವರು ಹೌದು ಎಂದರು.
ಬೈಗುಳವನ್ನೇ ಹೊದ್ದು ಬೆಚ್ಚಗೆ ಮಲಗಿದರು.
ಹೇಗೆ ಬಂತೋ ಅಲ್ಲಿಂದ ಇಲ್ಲಿಗೆ,
ನನಗೇನೂ ಬೇಡ ಎಂದವರ ಹೆಸರು
ಯಾರು ಸತ್ತರೆ ನನಗೇನು ಎಂದವರ ಪಾಲಿಗೆ?
ಎರಡು ಸಾವಿರ ವರ್ಷ ಪದ ನಡೆದರೆ
ಪಾದ ಸವೆಯುತ್ತದೆ,
ಮುಖವೂ.

ನಮ್ಮಲ್ಲೇನು ಕಡಿಮೆಯೇ? ನಾಯಿ ಎಂದು ಬೈದ ಬಾಯಲ್ಲೇ
ನಾಯಿಗಿರುವ ನಿಯತ್ತು ನಿನಗಿಲ್ಲ ಅನ್ನುತ್ತೇವೆ.
ಆಗುಂಬೆ ಬಸ್ಸಿನ ಕಂಡಕ್ಟರ್ ನನ್ನ ಸೋದರಮಾವ
ಚಿಲ್ಲರೆ ಕೊಡದ ಎಲ್ಲರನ್ನೂ ನಾಯಿ ಅಂತಿದ್ದ.
ತೀರ್ಥಹಳ್ಳಿಯಲ್ಲಿ ಕದ್ದು ಹತ್ತಿ ಸೀಟಿನಡಿ ಮಲಗಿದ್ದ
ನಿಜವಾದ ನಾಯಿಗೆ ಮಾತ್ರ
‘ಸ್ವಲ್ಪ ಒಳಗೆ ಸರಿ ಮಗಾ’ ಅಂತಿದ್ದ.

ಕೇಸು ಇಷ್ಟೇ:
ರಿಪ್ಪನ್‌ಪೇಟೆ ಕಡೆಯ ಲೈನ್‌ಮನ್ ಒಬ್ಬ
ಕಂಬದ ಮೇಲೆಯೇ ಕಪ್ಪಾಗಿ ಹೋದ.
ಗುತ್ತಿಗೆದಾರ ಕೈಗವಸು ಕೊಟ್ಟಿರಲಿಲ್ಲ.
ಕಟಕಟೆಯಲ್ಲಿ ನಿಂತು ಹೇಳಿದ:
‘ಹತ್ತು ಅಂತ ನಾವು ಹೇಳಿಲ್ಲ ಸ್ವಾಮಿ,
ಅವನಿಗೆ ಕಂಬ ಹತ್ತುವುದೊಂದು ಚಟ.’

ಹೆಂಡತಿ ಗುತ್ಯಮ್ಮ ಕನ್ನಡ ಪ್ರತಿಗಾಗಿ
ಬೆಳಗಿನಿಂದ ಜಗಲಿಯಲ್ಲಿದ್ದಾಳೆ, ನಾಯಿಯಿಂದ ಒಂದು ಮಾರು ದೂರ.
ಬುತ್ತಿ ಬಿಚ್ಚಿದಳು. ಅಕ್ಕಿರೊಟ್ಟಿ ಮುರಿದಳು.
ದೊಡ್ಡ ಚೂರು ಆಚೆ ಇಟ್ಟಳು.
ಜಾಮೀನು ಎದ್ದು ನಿಂತಿತು.

ಮೂರು ಸಲ ಬರೆದೆ, ಮೂರು ಸಲ ಹೊಡೆದೆ.
‘ಸಿನಿಕತನದ’: ಅವಳಿಗೆ ಸಿನಿಮಾ ನೆನಪಾದೀತು.
‘ಕುಹಕದ’: ಕುಹಕಕ್ಕೂ ಕೊಂಚ ಬುದ್ಧಿ ಬೇಕು.
‘ನಾಯಿಯಂಥ’:
ಛೆ, ಅದು ರೊಟ್ಟಿ ತಿನ್ನುತ್ತಿದೆ. ಕೇಳಿಸಿಕೊಂಡೀತು.

ಹೀಗೆ ಕೇಳಬಹುದೆಂದು ಯಾವ ನಿಯಮದಲ್ಲೂ ಇಲ್ಲ.
ಸರಳಿನ ನಡುವೆ ತಲೆ ಹಾಕಿ ಕೇಳಿಯೇಬಿಟ್ಟೆ:
‘ಇಂಥ ಮಾತಾಡೋರಿಗೆ ನಿಮ್ಮ ಕಡೆ ಏನಂತಾರಮ್ಮ?’
ಬೆರಳು ಸೆರಗಿಗೆ ಒರೆಸಿಕೊಂಡಳು. ತಡೆದು ಹೇಳಿದಳು:
‘ಕರುಳಿಲ್ದೋರು ಅಂತಾರೆ.
ಆದ್ರೆ ಬರೀಬೇಡಿ ಮಾರಾಯ್ರೇ,
ಓದಿದ್ರೆ ಅವ್ರಿಗೆ ಬೇಜಾರಾಗ್ತದೆ.’

ಬರೆದೆ.
ನಾಳೆ ಶಿರಸ್ತೇದಾರರು ಅದರಡಿ ಕೆಂಪು ಗೀಟು ಎಳೆದು
ಇದು ನಿಖರ ಅನುವಾದವಲ್ಲ ಅನ್ನುತ್ತಾರೆ.
ಅಲ್ಲ, ನಿಜ.

ಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು ಅವಳು ಹೊರಟಾಗ
ಗೇಟಿನವರೆಗೆ ಹಿಂದೆಯೇ ಹೋಯಿತು ಜಾಮೀನು.
ಬಸ್ಸು ಮರೆಯಾದ ಮೇಲೆ ಅಲ್ಲೇ ದಾರಿ ನಡುವೆ ಬಿದ್ದುಕೊಂಡಿತು.
ಗುತ್ತಿಗೆದಾರನ ಬಿಳಿ ಕಾರು ಬಂತು.
ಹಾರನ್ ಹೊಡೆದ ಡ್ರೈವರ್, ಮತ್ತೊಮ್ಮೆ ಹೊಡೆದ.
ಅಷ್ಟು ಬಿಸಿಲು ಅದರದು.
ಏಳಲಿಲ್ಲ.